ಮಹಾಯುದ್ಧಕ್ಕೆ ಹೋಗಿದ್ದ ಅಜ್ಜ ಯಾವ ಪಲ್ಟನ್ನಿನಲ್ಲಿದ್ದರು? ಹಳೇ ಕಾಗದ, ಪದಕಗಳಿಂದ ಪತ್ತೆ ಹಚ್ಚುವ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಎಷ್ಟೋ ಮನೆಗಳಲ್ಲಿ ಎರಡನೇ ಮಹಾಯುದ್ಧದ ಮಾತು "ನಮ್ಮ ಮುತ್ಯಾ ಬರ್ಮಾಕ್ಕ ಹೋಗಿದ್ದ" ಎಂಬಲ್ಲಿಗೆ ನಿಂತುಬಿಡುತ್ತದೆ. 1939ರಲ್ಲಿ ಸುಮಾರು 2 ಲಕ್ಷ ಇದ್ದ ಬ್ರಿಟಿಷ್ ಇಂಡಿಯನ್ ಆರ್ಮಿ 1945ರ ಹೊತ್ತಿಗೆ 25 ಲಕ್ಷಕ್ಕೆ ಬೆಳೆದಿತ್ತು. ಅಷ್ಟು ದೊಡ್ಡ ದಂಡಿನಲ್ಲಿ ಬರೀ "ಬರ್ಮಾ" ಎಂಬ ಹೆಸರು ಹಿಡಿದು ಒಬ್ಬ ಸಿಪಾಯಿಯನ್ನು ಹುಡುಕಲಾಗದು. ಬೇಕಾದದ್ದು ಎರಡು: ಅವರಿದ್ದ ಬಟಾಲಿಯನ್ ಅಥವಾ ಕಂಪನಿಯ ಸಂಖ್ಯೆ, ಅಲ್ಲಿ ಅವರಿದ್ದ ತಾರೀಖು. ಎರಡೂ ಸಿಕ್ಕರೆ ಯಾವ ಬ್ರಿಗೇಡು, ಯಾವ ಡಿವಿಜನ್ನು, ಯಾವ ಕದನ ಎಂಬುದನ್ನು ತಿಂಗಳ ಲೆಕ್ಕದಲ್ಲಿ, ಕೆಲವು ಸಲ ದಿನದ ಲೆಕ್ಕದಲ್ಲಿ ಹೇಳಬಹುದು. ಒಂದೇ ಸಿಕ್ಕರೆ ಸಿಕ್ಕಷ್ಟನ್ನೇ ಬರೆದಿಡಿ. ಉಳಿದದ್ದನ್ನು ಊಹಿಸಿ ತುಂಬಿದರೆ ಬೇರೆ ಯಾರದೋ ಯುದ್ಧ ನಿಮ್ಮ ಅಜ್ಜನ ಹೆಸರಿಗೆ ಅಂಟಿಕೊಳ್ಳುತ್ತದೆ.

ಟ್ರಂಕು ತೆರೆಯುವಾಗ

ಮೊದಲು ಹುಡುಕಬೇಕಾದದ್ದು ಡಿಸ್ಚಾರ್ಜ್ ಸರ್ಟಿಫಿಕೇಟು. ಆಮೇಲೆ ಪಿಂಚಣಿ ಪುಸ್ತಕ, ಪದಕ, ಪದಕ ಬಂದಿದ್ದ ರಟ್ಟಿನ ಡಬ್ಬಿ, ಸಮವಸ್ತ್ರದ ಫೋಟೊ, ಪತ್ರ, ಪತ್ರದ ಲಕೋಟೆ. ಲಕೋಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದರ ಮೇಲಿನ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯಲ್ಲಿ ಒಂದು ಸಂಖ್ಯೆ, ಒಂದು ತಾರೀಖು ಇರುತ್ತದೆ. ಸೆನ್ಸಾರ್ ಕಾಟಕ್ಕೆ ಪತ್ರದೊಳಗೆ ಊರಿನ ಹೆಸರು ಬರೆಯುವಂತಿರಲಿಲ್ಲ. ಮುದ್ರೆಯ ಸಂಖ್ಯೆ ಮಾತ್ರ ಆ ದಿನ ಆ ಅಂಚೆ ಠಾಣೆ ಎಲ್ಲಿತ್ತು ಎಂಬುದನ್ನು ಹೇಳುತ್ತದೆ. ಈ ಸಂಖ್ಯೆಗಳ ಪಟ್ಟಿ ಅಂಚೆಚೀಟಿ ಸಂಗ್ರಾಹಕರ ಬಳಿ ಸಿಗುತ್ತದೆ.

ಪತ್ರಗಳು ಕನ್ನಡದಲ್ಲೇ ಇರಬೇಕೆಂದಿಲ್ಲ. ಈ ಭಾಗದಲ್ಲಿ ಮೋಡಿ ಅಕ್ಷರದ ಮರಾಠಿ ಸಾಮಾನ್ಯ, ಪಲ್ಟನ್ನಿನ ಕಾಗದಗಳಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಬರೆದ ಉರ್ದು ಸಾಮಾನ್ಯ. ಇಂಗ್ಲಿಷ್ ಅಕ್ಷರ ಕಂಡು ಇಂಗ್ಲಿಷ್ ಎಂದುಕೊಂಡು ಓದಲು ಹೋದರೆ ಒಂದು ಸಾಲೂ ಅರ್ಥವಾಗದು. ಜೋರಾಗಿ ಓದಿ, ಹಿಂದಿ ಬಲ್ಲವರು ಅರ್ಧಕ್ಕಿಂತ ಹೆಚ್ಚು ಹಿಡಿಯುತ್ತಾರೆ.

ಮಡಿಕೆಯಲ್ಲಿ ಹರಿದ ಕಾಗದವನ್ನು ಬಿಚ್ಚುವ ಮೊದಲೇ ಒಂದು ಫೋಟೊ ತೆಗೆದುಕೊಳ್ಳಿ, ಬಿಚ್ಚಿದ ಮೇಲೆ ಎರಡೂ ಬದಿಯ ಫೋಟೊ. ಬಹಳ ಕಡೆ ಹಿಂಬದಿಯಲ್ಲೇ ಪದಕಗಳ ವಿವರ ಬರೆದಿರುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ: ಶಾಖಕ್ಕೆ ಹಳೇ ಶಾಯಿ ಹಾಳಾಗುತ್ತದೆ, ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ತೆಗೆಯಲು ಬರುವುದಿಲ್ಲ. ಸೆಲ್ಲೊಟೇಪೂ ಬೇಡ. ಪದಕವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ದುಂಡು ಪದಕದ ಅಂಚಿನಲ್ಲಿ ಒತ್ತಿದ ಹೆಸರು, ನಂಬರು ಹತ್ತಿಪ್ಪತ್ತು ಸಲದ ತಿಕ್ಕಾಟಕ್ಕೆ ಸವೆದುಹೋಗುತ್ತವೆ, ಮತ್ತು ಎಷ್ಟೋ ಮನೆಗಳಲ್ಲಿ ಉಳಿದಿರುವ ಪುರಾವೆ ಅದೊಂದೇ.

ಡಿಸ್ಚಾರ್ಜ್ ಕಾಗದ ಓದುವುದು

ನಂಬರು, ದರ್ಜೆ, ಹೆಸರು, ತಂದೆಯ ಹೆಸರು, ಪಲ್ಟನ್, ಜಾತಿಯ ವರ್ಗ, ಊರು, ತಹಶೀಲು, ಜಿಲ್ಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ: ಇವಿಷ್ಟನ್ನೂ ಹೇಗಿದೆಯೋ ಹಾಗೇ ಇಂಗ್ಲಿಷ್ ಕಾಗುಣಿತ ಸಮೇತ ಒಂದು ಹಾಳೆಗೆ ಇಳಿಸಿ. ತಿದ್ದಬೇಡಿ. ಬಸಪ್ಪ, ಮಲ್ಲಪ್ಪ, ಯಲ್ಲಪ್ಪ ಎಂಬ ಹೆಸರುಗಳನ್ನು ಮರಾಠಿ ಅಥವಾ ಹಿಂದೂಸ್ತಾನಿ ಕಿವಿಯ ಕಾರಕೂನ ತನಗೆ ಕೇಳಿಸಿದಂತೆ ಬರೆದುಕೊಂಡಿರುತ್ತಾನೆ. ಅಡ್ಡಹೆಸರು ಬಿಟ್ಟು ತಂದೆಯ ಹೆಸರನ್ನೇ ಅಡ್ಡಹೆಸರಿನ ಜಾಗದಲ್ಲಿ ಇಟ್ಟಿರುವುದೂ ಉಂಟು. ದಫ್ತರಿನಲ್ಲಿ ಅವರು ಇರುವುದು ಆ ತಪ್ಪು ಕಾಗುಣಿತದಲ್ಲೇ, ಹುಡುಕಬೇಕಾದದ್ದೂ ಅದರಲ್ಲೇ.

ಊರು, ಜಿಲ್ಲೆ ವಿಷಯದಲ್ಲೂ ಇದೇ ಎಚ್ಚರ. ಆಗ ಇದು ಮುಂಬಯಿ ಪ್ರಾಂತ. ಕಾಗದದಲ್ಲಿರುವುದು ಬೆಲ್ಗಾಂ, ಬಿಜಾಪುರ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಹುನಗುಂದ, ಬಾದಾಮಿ ಕಡೆಯವರೆಲ್ಲ ಬಿಜಾಪುರದ ಲೆಕ್ಕದಲ್ಲಿ ಸಿಗುತ್ತಾರೆ. ಬೈಲಹೊಂಗಲದ ಸುತ್ತಿನ ಹಳ್ಳಿಗಳು ಸಂಪಗಾಂವ ತಾಲ್ಲೂಕು, ಸವದತ್ತಿಯ ಸುತ್ತಿನವು ಪರಸಗಡ ತಾಲ್ಲೂಕು. ಜಮಖಂಡಿ, ಮುಧೋಳ, ರಾಮದುರ್ಗ ಆಗ ಸಂಸ್ಥಾನಗಳು, ಹಾಗಾಗಿ ಜಿಲ್ಲೆಯ ಜಾಗದಲ್ಲಿ ಸಂಸ್ಥಾನದ ಹೆಸರೇ ಇರುತ್ತದೆ. ಅದನ್ನು ನೋಡಿ ಅಜ್ಜ ಸಂಸ್ಥಾನದ ಪಡೆಯಲ್ಲಿದ್ದರು ಎಂದುಕೊಳ್ಳಬೇಡಿ. ಸಂಸ್ಥಾನದ ಪ್ರಜೆ ಬ್ರಿಟಿಷ್ ಇಂಡಿಯನ್ ಆರ್ಮಿಗೆ ಸೇರುವುದಕ್ಕೆ ಅಡ್ಡಿ ಇರಲಿಲ್ಲ.

ದರ್ಜೆಯ ಏಣಿ ಹೀಗಿತ್ತು: ಸಿಪಾಯಿ, ಲ್ಯಾನ್ಸ್ ನಾಯಕ, ನಾಯಕ, ಹವಾಲ್ದಾರ, ಆಮೇಲೆ ಜಮಾದಾರ, ಸುಬೇದಾರ, ಸುಬೇದಾರ ಮೇಜರ್. ಕಡೆಯ ಮೂರಕ್ಕೆ ವೈಸರಾಯ್ಸ್ ಕಮಿಷನ್ಡ್ ಆಫೀಸರ್ ಎನ್ನುತ್ತಿದ್ದರು, ಕಾಗದದಲ್ಲಿ ವಿ.ಸಿ.ಓ. ಆಗಿನ ಜಮಾದಾರ ಈಗಿನ ನಾಯಬ್ ಸುಬೇದಾರ. ಕುದುರೆ ದಳದಲ್ಲಿ ಹೆಸರುಗಳು ಬೇರೆ: ಸವಾರ, ದಫೇದಾರ, ರಿಸಾಲದಾರ. ಎನ್.ಸಿ.(ಇ) ಎಂದಿದ್ದರೆ ಅಡುಗೆ, ನೀರು, ಬಟ್ಟೆ, ಜಾಡಮಾಲಿ ಕೆಲಸಕ್ಕೆ ದಾಖಲಾದವರು. ಕೆಲವು ಮನೆಯವರು ಇದನ್ನು ಕಂಡು ಮುಜುಗರಪಟ್ಟು ಮುಚ್ಚಿಡುತ್ತಾರೆ. ಯಾಕೆ ಮುಚ್ಚಬೇಕು? ಅವರೂ ಅದೇ ಮಳೆ, ಅದೇ ಮಲೇರಿಯಾ, ಅದೇ ಶೆಲ್ಲುಗಳ ನಡುವೆ ಇದ್ದವರು.

ನಂಬರಿನ ಬಗ್ಗೆ ಒಂದು ಮಾತು. ಆಗ ಪ್ರತಿ ರೆಜಿಮೆಂಟು ತನ್ನದೇ ಸಾಲಿನ ನಂಬರು ಕೊಡುತ್ತಿತ್ತು. ಒಂದೇ ನಂಬರು ಬೇರೆ ಬೇರೆ ರೆಜಿಮೆಂಟಿನ ಇಬ್ಬರು ಮೂವರಿಗೆ ಇರಬಹುದು, ವರ್ಗವಾದರೆ ನಂಬರೂ ಬದಲಾಗಬಹುದು. ರೆಜಿಮೆಂಟಿನ ಹೆಸರಿಲ್ಲದ ನಂಬರನ್ನು ನೆಚ್ಚಿಕೊಳ್ಳುವಂತಿಲ್ಲ.

4/5 ಎಂಬ ಗುರುತು

ಬೆಳಗಾವಿ ಸೀಮೆಯ ಕಾಗದಗಳಲ್ಲಿ ಪದೇ ಪದೇ ಸಿಗುವ ಗುರುತು "4/5 ಎಂ.ಎಲ್.ಐ." ತರಹದ್ದು. ಬಹಳ ಜನ ತಪ್ಪುವುದು ಇಲ್ಲೇ. ಗೆರೆಯ ಕೆಳಗಿನ 5 ರೆಜಿಮೆಂಟಿನ ಸಂಖ್ಯೆ: ಫಿಫ್ತ್ ಮರಾಠಾ ಲೈಟ್ ಇನ್‌ಫೆಂಟ್ರಿ. ಮೇಲಿನ 4 ಬಟಾಲಿಯನ್ನಿನ ಸಂಖ್ಯೆ. ಅಂದರೆ ಐದನೇ ರೆಜಿಮೆಂಟಿನ ನಾಲ್ಕನೇ ಬಟಾಲಿಯನ್. ಯಾರೋ "ಐದನೇ ಮರಾಠಾ" ಎಂದು ಹೇಳಿದ್ದನ್ನು ಐದನೇ ಬಟಾಲಿಯನ್ ಎಂದು ತಿಳಿದರೆ ಹುಡುಕಾಟ ಬೇರೆ ದೇಶಕ್ಕೇ ಹೋಗುತ್ತದೆ, ಯಾಕೆಂದರೆ ಒಂದೇ ರೆಜಿಮೆಂಟಿನ ಬಟಾಲಿಯನ್ನುಗಳು ಒಟ್ಟಿಗೆ ಇರುತ್ತಿರಲಿಲ್ಲ. 2/5 1942ರ ಜೂನ್ 21ರಂದು ಲಿಬಿಯಾದ ತೋಬ್ರುಕ್ ಬಿದ್ದಾಗ 11ನೇ ಇಂಡಿಯನ್ ಬ್ರಿಗೇಡಿನ ಜೊತೆ ಜರ್ಮನ್ನರ ಕೈಗೆ ಸೆರೆಸಿಕ್ಕಿತು. 1/5, 3/5 ಇಟಲಿಯಲ್ಲಿ ಕಾದಿದವು; ಯಶವಂತ ಘಾಡಗೆ 3/5ರಲ್ಲಿದ್ದು 1944ರ ಜುಲೈ 10ರಂದು, ನಾಮದೇವ ಜಾಧವ 1/5ರಲ್ಲಿದ್ದು 1945ರ ಏಪ್ರಿಲ್ 9ರಂದು ತೋರಿದ ಶೌರ್ಯಕ್ಕೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು. 4/5, 6/5 ಜಪಾನೀಯರ ಎದುರು ಇಂಫಾಲದ ಕಡೆ ಇದ್ದವು. "ಮರಾಠಾ ಪಲ್ಟನ್" ಎಂದರೆ ಬರ್ಮಾ ಎಂದೇ ಅರ್ಥವಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ರೆಜಿಮೆಂಟಿನ ಹೆಸರಿನಿಂದ 5 ಬಿದ್ದುಹೋಯಿತು. 1946ರ ಕಾಗದದಲ್ಲಿ ಬರೀ "4 ಮರಾಠಾ" ಎಂದಿದ್ದರೆ ಅದು ಹಿಂದಿನ 4/5.

ಕಾಗದದ ತಲೆಯ ಮೇಲೆ "ರೆಜಿಮೆಂಟಲ್ ಸೆಂಟರ್, ಬೆಲ್ಗಾಂ" ಎಂಬ ಠಸ್ಸೆ ಕಂಡು ಅಜ್ಜ ಬೆಳಗಾವಿ ಕ್ಯಾಂಪ್ ಬಿಟ್ಟು ಹೋಗಲೇ ಇಲ್ಲ ಎಂದುಕೊಂಡವರಿದ್ದಾರೆ. ಭರ್ತಿ, ತರಬೇತಿ, ಬಿಡುಗಡೆ ಮೂರೂ ಸೆಂಟರಿನಲ್ಲೇ ಆಗುತ್ತಿದ್ದುದರಿಂದ ಎಲ್ಲರ ಕಾಗದಕ್ಕೂ ಆ ಠಸ್ಸೆ ಬೀಳುತ್ತಿತ್ತು.

ಬೆಳಗಾವಿಯಲ್ಲಿ ಭರ್ತಿಯಾದ ಮಾತ್ರಕ್ಕೆ ಮರಾಠಾ ರೆಜಿಮೆಂಟು ಎಂದೂ ಅಲ್ಲ. ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದ್ದು 1941ರ ಅಕ್ಟೋಬರಿನಲ್ಲಿ, ಬೆಳಗಾವಿಯಲ್ಲೇ. ಯುದ್ಧಕಾಲದಲ್ಲಿ ಲಿಂಗಾಯತ ಬಟಾಲಿಯನ್ ಎಂಬುದೂ ಹುಟ್ಟಿತ್ತು. ಮರಾಠಾ ಬಟಾಲಿಯನ್ನಿನೊಳಗೇ ದಖನಿ ಮುಸ್ಲಿಮರ ತುಕಡಿಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಬಂದೂಕು ಹಿಡಿದ ಪಲ್ಟನ್ನುಗಳಿಗಿಂತ ಹೊರಗೆ ದೊಡ್ಡ ದಂಡೇ ಇತ್ತು. ಆರ್.ಐ.ಎ.ಎಸ್.ಸಿ. ಎಂದಿದ್ದರೆ ಲಾರಿ, ಹೇಸರಗತ್ತೆ, ರೇಷನ್ನಿನ ದಳ. ಐ.ಎ.ಓ.ಸಿ. ಮದ್ದುಗುಂಡು, ಸಾಮಾನು ಉಗ್ರಾಣ. ಐ.ಇ.ಎಂ.ಇ. ವರ್ಕ್‌ಶಾಪ್, ಇದು ಶುರುವಾದದ್ದು 1943ರಲ್ಲಿ, ಅದಕ್ಕೂ ಮೊದಲು ಸೇರಿದ ಮಿಸ್ತ್ರಿ ಬೇರೆ ದಳದ ಪಟ್ಟಿಯಲ್ಲಿರುತ್ತಾರೆ. ಐ.ಎ.ಎಂ.ಸಿ. ವೈದ್ಯಕೀಯ ದಳ, ಅದೂ 1943ರದ್ದೇ. ಪಯನೀಯರ್ ಕೋರ್ ರಸ್ತೆ, ವಿಮಾನದ ಪಟ್ಟಿ ಕಡಿದವರು. ಬಾಂಬೆ ಸ್ಯಾಪರ್ಸ್ ಅಂದರೆ ಖಡಕಿಯ ಎಂಜಿನಿಯರ್ ದಳ. ಇವರನ್ನು ಬಟಾಲಿಯನ್ ಸಂಖ್ಯೆಯಿಂದಲ್ಲ, ಕಂಪನಿ ಸಂಖ್ಯೆಯಿಂದ ಹುಡುಕಬೇಕು. ಕಂಪನಿಯ ಸಂಖ್ಯೆಯೇ ಇಲ್ಲಿ ಜೀವ. ಬರೀ "ಆರ್.ಐ.ಎ.ಎಸ್.ಸಿ. ಡ್ರೈವರ್" ಎಂದಿದ್ದರೆ ದಫ್ತರಿಗೆ ಬರೆಯದೆ ಗತ್ಯಂತರವಿಲ್ಲ.

ಬಟಾಲಿಯನ್ನಿನಿಂದ ಮೇಲಕ್ಕೆ

ಸುಮಾರು ಹತ್ತು ಜನರ ಸೆಕ್ಷನ್, ಅದರಲ್ಲೊಂದು ಬ್ರೆನ್ ಗನ್. ಮೂರು ಸೆಕ್ಷನ್ನಿಗೆ ಒಂದು ಪ್ಲಟೂನ್, ಅದರ ಯಜಮಾನ ಸಾಮಾನ್ಯವಾಗಿ ಜಮಾದಾರ. ಮೂರು ಪ್ಲಟೂನಿಗೆ ಒಂದು ಕಂಪನಿ. ಎ, ಬಿ, ಸಿ, ಡಿ ಎಂಬ ನಾಲ್ಕು ರೈಫಲ್ ಕಂಪನಿ, ಜೊತೆಗೆ ಹೆಡ್‌ಕ್ವಾರ್ಟರ್ಸ್ ಕಂಪನಿ ಸೇರಿ ಎಂಟುನೂರರ ಆಸುಪಾಸಿನ ಬಟಾಲಿಯನ್. ಮೂರು ಬಟಾಲಿಯನ್ನಿಗೆ ಒಂದು ಬ್ರಿಗೇಡ್. ವಾಡಿಕೆಯಂತೆ ಒಂದು ಬ್ರಿಟಿಷ್, ಎರಡು ಭಾರತೀಯ ಅಥವಾ ಗೂರ್ಖಾ, ಯುದ್ಧದ ಕೊನೆಗೆ ಮೂರೂ ಭಾರತೀಯವಾಗಿದ್ದುದು ಉಂಟು. ಮೂರು ಬ್ರಿಗೇಡ್, ತೋಪಿನ ರೆಜಿಮೆಂಟು, ಸ್ಯಾಪರ್, ಸಿಗ್ನಲ್, ಆಸ್ಪತ್ರೆ, ಸಾಗಣೆ ಎಲ್ಲ ಸೇರಿ ಡಿವಿಜನ್. ಎರಡು ಮೂರು ಡಿವಿಜನ್ ಸೇರಿ ಕೋರ್, ಕೋರ್‌ಗಳು ಸೇರಿ ಆರ್ಮಿ.

1943ರ ಕೊನೆಯಿಂದ ಬರ್ಮಾ ಗಡಿಯಲ್ಲಿದ್ದದ್ದು ಜನರಲ್ ಸ್ಲಿಮ್ ಅವರ 14ನೇ ಆರ್ಮಿ. ಅದರ ಮೇಲೆ 11ನೇ ಆರ್ಮಿ ಗ್ರೂಪ್, 1944ರ ನವೆಂಬರಿನಿಂದ ಅದರ ಜಾಗದಲ್ಲಿ ಎ.ಎಲ್.ಎಫ್.ಎಸ್.ಇ.ಎ. (ಅಲೈಡ್ ಲ್ಯಾಂಡ್ ಫೋರ್ಸಸ್ ಸೌತ್ ಈಸ್ಟ್ ಏಷ್ಯಾ), ಎಲ್ಲಕ್ಕೂ ಮೇಲೆ ಮೌಂಟ್‌ಬ್ಯಾಟನ್ ಅವರ ಆಗ್ನೇಯ ಏಷ್ಯಾ ಕಮಾಂಡ್, ಅಂದರೆ ಸೀಯಾಕ್. ಕಾಗದದಲ್ಲಿ ಎಂ.ಇ.ಎಫ್. ಎಂದಿದ್ದರೆ ಈಜಿಪ್ಟ್ ಕಡೆ, ಪಾಯ್‌ಫೋರ್ಸ್ ಎಂದರೆ ಇರಾಕ್-ಇರಾನ್, ಸಿ.ಎಂ.ಎಫ್. ಎಂದರೆ ಇಟಲಿ.

ಈ ಏಣಿಯ ಕೆಳಗಿನ ಮೆಟ್ಟಿಲುಗಳು ಗಟ್ಟಿ, ಮೇಲೆ ಹೋದಂತೆ ಸಡಿಲ. ಸಿಪಾಯಿ ತನ್ನ ಬಟಾಲಿಯನ್ ಬಿಡುವುದು ಅಪರೂಪ. ಬಟಾಲಿಯನ್ ಬ್ರಿಗೇಡ್ ಬದಲಿಸುತ್ತಿತ್ತು. ಡಿವಿಜನ್ ಅಂತೂ ಕೋರ್‌ನಿಂದ ಕೋರ್‌ಗೆ ಹೋಗುತ್ತಲೇ ಇತ್ತು: 1944ರ ಮಾರ್ಚಿನಲ್ಲಿ 5ನೇ ಇಂಡಿಯನ್ ಡಿವಿಜನ್ನನ್ನು ಬರ್ಮಾದ ಅರಾಕಾನಿನ ಕದನದಿಂದ ಎತ್ತಿ ವಿಮಾನದಲ್ಲಿ ಇಂಫಾಲದ ಕಡೆಗೆ ಸಾಗಿಸಿದರು. 3/5 ಮರಾಠಾ 1941ರ ಮಾರ್ಚಿನಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಕಾದಿದಾಗ 5ನೇ ಡಿವಿಜನ್ನಿನ 9ನೇ ಬ್ರಿಗೇಡಿನಲ್ಲಿತ್ತು. ಇಟಲಿಗೆ ಹೋದದ್ದು 10ನೇ ಡಿವಿಜನ್ನಿನ 25ನೇ ಬ್ರಿಗೇಡಿನಲ್ಲಿ. ಅದಕ್ಕೇ ತಾರೀಖಿಲ್ಲದ ಡಿವಿಜನ್ ಹೆಸರನ್ನು ನಂಬುವಂತಿಲ್ಲ.

4/5ನ್ನೇ ಹಿಡಿದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಬಟಾಲಿಯನ್ ಪಟ್ಟಿ ತೆರೆದರೆ ಅದು 49ನೇ ಬ್ರಿಗೇಡ್, 23ನೇ ಡಿವಿಜನ್. ಅಷ್ಟಕ್ಕೆ ಸಮಾಧಾನಪಟ್ಟು 1944ರ ಮಾರ್ಚಿನ ಕಥೆಯನ್ನು 49ನೇ ಬ್ರಿಗೇಡಿನ ದಾಖಲೆಯಲ್ಲಿ ಓದಿದರೆ ಆ ಬಟಾಲಿಯನ್ನಿನ ಅತಿ ಕಠಿಣ ವಾರವೇ ತಪ್ಪಿಹೋಗುತ್ತದೆ. ಆ ತಿಂಗಳು 4/5 ಮಣಿಪುರದ ಉಖ್ರುಲ್ ಕಡೆ 50ನೇ ಇಂಡಿಯನ್ ಪ್ಯಾರಾಶೂಟ್ ಬ್ರಿಗೇಡಿನ ಅಧೀನಕ್ಕೆ ಹೋಗಿ, ಸಾಂಗ್‌ಶಾಕ್ ಗುಡ್ಡದ ಮೇಲೆ ನೀರು, ಮದ್ದುಗುಂಡು ತೀರುವ ತನಕ ಮಾರ್ಚ್ 26ರವರೆಗೆ ಕಾದಿತು. ದಾಖಲೆಗಳಲ್ಲಿ ಇದಕ್ಕೆ "ಅಂಡರ್ ಕಮಾಂಡ್" ಎಂಬ ಎರಡೇ ಶಬ್ದ ಇರುತ್ತದೆ. ಆ ಶಬ್ದ ಕಂಡಲ್ಲೆಲ್ಲ ನಿಂತು, ಯಾರ ಅಧೀನಕ್ಕೆ, ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಗುರುತು ಹಾಕಿಕೊಳ್ಳಿ. ಮುಂದೆ 23ನೇ ಡಿವಿಜನ್ 1945ರ ಸೆಪ್ಟೆಂಬರಿನಲ್ಲಿ ಮಲಯಾದಲ್ಲಿ ಇಳಿದು ಜಾವಾಕ್ಕೆ ಹೋಯಿತು. ಅಕ್ಟೋಬರಿನಲ್ಲಿ 49ನೇ ಬ್ರಿಗೇಡ್ ಸುರಬಾಯಾದಲ್ಲಿ ಇಂಡೊನೇಷ್ಯಾದ ಸ್ವಾತಂತ್ರ್ಯ ಹೋರಾಟಗಾರರ ನಡುವೆ ಸಿಕ್ಕಿಕೊಂಡು, ಬ್ರಿಗೇಡಿಯರ್ ಮ್ಯಾಲಬಿ ಅಲ್ಲೇ ಸತ್ತರು. ಮನೆಯಲ್ಲಿ "ಜಪಾನ್ ಯುದ್ಧ ಮುಗಿದ ಮೇಲೂ ಒಂದು ವರ್ಷ ಬರಲಿಲ್ಲ" ಎಂಬ ಮಾತಿದ್ದರೆ ಜಾವಾದ ಸಾಧ್ಯತೆ ನೋಡಲೇಬೇಕು.

ಪದಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಆರು ಮೂಲೆಯ ಸ್ಟಾರ್‌ಗಳ ಮೇಲೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ರಿಬ್ಬನ್ನಿನಿಂದ ಗುರುತು ಹಿಡಿಯುವುದಾದರೆ, ನಡುವೆ ಅಗಲ ಕೆಂಪು, ಎರಡೂ ಬದಿ ಕಡುನೀಲಿ, ಆ ನೀಲಿಯೊಳಗೆ ಸಣ್ಣ ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್. ಕೆಂಪು, ಬಿಳಿ, ಹಸಿರು ಪಟ್ಟಿಯದ್ದು ಇಟಲಿ ಸ್ಟಾರ್. ಮರಳು ಬಣ್ಣದ ನಡುವೆ ಕೆಂಪು, ಅತ್ತಿತ್ತ ತೆಳು ಗೆರೆಯಾಗಿ ಕಡುನೀಲಿ, ತಿಳಿನೀಲಿ ಇದ್ದರೆ ಆಫ್ರಿಕಾ ಸ್ಟಾರ್. ಆದರೆ ಅಂಗಡಿಯಲ್ಲಿ ಸಿಕ್ಕ ರಿಬ್ಬನ್ ಹಾಕಿ ಕಟ್ಟಿಸಿದ ಪದಕಗಳು ಬಹಳ. ಬಣ್ಣಕ್ಕಿಂತ ಸ್ಟಾರ್‌ನ ನಡುವಿನ ಅಕ್ಷರವನ್ನು ನಂಬಿ.

ಬರ್ಮಾ ಸ್ಟಾರ್ ಇದ್ದರೆ ಬರ್ಮಾಕ್ಕೆ ಕಾಲಿಟ್ಟರು ಎಂದೇ ಅಲ್ಲ. 1942ರ ಮೇ 1ರಿಂದ 1943ರ ಕೊನೆಯವರೆಗೆ ಬಂಗಾಳ, ಅಸ್ಸಾಮಿನಲ್ಲಿ ಸೇವೆಯಲ್ಲಿದ್ದವರಿಗೂ ಅದು ಸಲ್ಲುತ್ತಿತ್ತು. ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್ ಸೇವೆಯಲ್ಲಿದ್ದರು ಎಂಬುದಷ್ಟೇ ಹೇಳುತ್ತವೆ. ಬಹಳ ಬೆಲೆಯುಳ್ಳದ್ದು "ಎಸ್.ಇ. ಏಷ್ಯಾ 1945-46" ಎಂಬ ಲೋಹದ ಪಟ್ಟಿಯುಳ್ಳ ಜನರಲ್ ಸರ್ವಿಸ್ ಮೆಡಲ್. ಅದರ ಅಂಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನ ತಿರುಗಿಸಿದರೆ ನಂಬರು, ದರ್ಜೆ, ಹೆಸರು, ಪಲ್ಟನ್ ನಾಲ್ಕೂ ಓದಲು ಸಿಗುತ್ತವೆ.

ಫೋಟೊದಲ್ಲಿ ತೋಳಿನ ಮೇಲ್ಭಾಗದ ಚಿಹ್ನೆ ನೋಡಿ. ಹುಂಜ ಇದ್ದರೆ 23ನೇ ಡಿವಿಜನ್, ಕಪ್ಪು ಬೆಕ್ಕು 17, ಬಾಣ 7, ಕಠಾರಿ 19, ಇಸ್ಪೀಟಿನ ಎಕ್ಕ (ಸ್ಪೇಡ್) 25, ಹುಲಿ 26. ಆಗಿನ ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೇ ಕಾಣಬಹುದು, ಆದ್ದರಿಂದ ಆಕಾರವನ್ನಷ್ಟೇ ಹಿಡಿಯಿರಿ. ಟೋಪಿಯ ಬಿಲ್ಲೆಯಲ್ಲಿ ಕಹಳೆ ಇದ್ದರೆ ಮರಾಠಾ ಎಂದು ಬರೆದುಬಿಡಬೇಡಿ. ರೈಫಲ್ ರೆಜಿಮೆಂಟುಗಳಿಗೂ ಕಹಳೆಯೇ ಗುರುತು.

ತಾರೀಖಿನ ತಾಳೆ

ಇದೊಂದು ಪರೀಕ್ಷೆ ಬಿಡಬೇಡಿ. 1943ರ ಮಧ್ಯದಿಂದ ಪದಾತಿ ರಂಗರೂಟಿಗೆ ಸೆಂಟರಿನಲ್ಲಿ ಒಂಬತ್ತು ತಿಂಗಳು, ಆಮೇಲೆ ತರಬೇತಿ ಡಿವಿಜನ್ನಿನಲ್ಲಿ ಎರಡು ತಿಂಗಳು ಕಾಡಿನ ಯುದ್ಧದ ಪಾಠ ಎಂಬ ಪದ್ಧತಿ ಬಂತು. 1943ರ ಜೂನಿನಲ್ಲಿ ಭರ್ತಿಯಾದವರು 1944ರ ಮೇಗಿಂತ ಮೊದಲು ಬಟಾಲಿಯನ್ ಮುಟ್ಟುವುದು ಕಷ್ಟ. ಅವರು 4/5ರವರೇ ಆದರೂ ಸಾಂಗ್‌ಶಾಕ್ ಅವರದ್ದಲ್ಲ. ಮನೆಯ ಹಿರಿಯರಿಗೆ ಇದು ಬೇಸರ ತರುತ್ತದೆ, ಆದರೂ ಹೇಳಬೇಕು.

ತರಬೇತಿ ಡಿವಿಜನ್ ಎಂದರೆ ಛಿಂದವಾಡಾದಲ್ಲಿದ್ದ 14ನೇ ಡಿವಿಜನ್, ಸಹಾರನ್‌ಪುರದಲ್ಲಿದ್ದ 39ನೇ ಡಿವಿಜನ್. 14ನೇ ಡಿವಿಜನ್ 1942-43ರಲ್ಲಿ ಅರಾಕಾನಿನಲ್ಲಿ ಕಾದಿ, ಆಮೇಲೆ ಈ ಕೆಲಸಕ್ಕೆ ಬಂತು. ಕಾಗದದಲ್ಲಿ "14 ಇಂಡ್ ಡಿವ್" ಎಂದಿರುವುದನ್ನು 14ನೇ ಆರ್ಮಿ ಎಂದು ಓದಿ ಇಂಫಾಲದವರೆಗೆ ಕಥೆ ಕಟ್ಟಿದ್ದು ಎಷ್ಟೋ ಕಡೆ ಕಾಣಸಿಗುತ್ತದೆ.

ದಫ್ತರಿಗೆ ಬರೆಯುವುದು

ಭಾರತೀಯ ಸಿಪಾಯಿಗಳ ಸೇವಾ ದಾಖಲೆ ಲಂಡನ್ನಿನಲ್ಲಿಲ್ಲ. ಅಲ್ಲಿಗೆ ಬರೆದು ಕಾಯಬೇಡಿ. ಇಲ್ಲಿನ ರೆಕಾರ್ಡ್ಸ್ ಆಫೀಸುಗಳಿಗೇ ಬರೆಯಬೇಕು: ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮಹಾರ್‌ಗೆ ಸಾಗರ (ಮಧ್ಯಪ್ರದೇಶದ್ದು), ಬಾಂಬೆ ಸ್ಯಾಪರ್ಸ್‌ಗೆ ಖಡಕಿ, ತೋಪಿನ ದಳಕ್ಕೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ವೈದ್ಯಕೀಯಕ್ಕೆ ಲಖನೌ, ಆರ್ಡ್‌ನೆನ್ಸ್ ಮತ್ತು ಇ.ಎಂ.ಇ.ಗೆ ಸಿಕಂದರಾಬಾದ್, ಪಯನೀಯರ್‌ಗೆ ಬೆಂಗಳೂರು. ರೆಜಿಮೆಂಟು 1947ರಲ್ಲಿ ಪಾಕಿಸ್ತಾನದ ಪಾಲಿಗೆ ಹೋಗಿದ್ದರೆ ಕಾಗದವೂ ಅತ್ತ ಹೋಗಿದೆ.

ಅರ್ಜಿ ಒಂದು ಪುಟ ದಾಟಬಾರದು. ಹಳೇ ಕಾಗುಣಿತದ ಹೆಸರು ಮೊದಲು, ಈಗಿನ ಕಾಗುಣಿತ ಪಕ್ಕದಲ್ಲಿ. ನಂಬರು, ದರ್ಜೆ, ಬಟಾಲಿಯನ್, ತಂದೆಯ ಹೆಸರು, ಆಗಿನ ತಾಲ್ಲೂಕು-ಜಿಲ್ಲೆ, ಸೇರಿದ ಮತ್ತು ಬಿಟ್ಟ ತಾರೀಖು, ನಿಮಗೂ ಅವರಿಗೂ ಇರುವ ನಂಟಿನ ಪುರಾವೆ. ಜೆರಾಕ್ಸ್ ಮಾತ್ರ ಲಗತ್ತಿಸಿ, ಮೂಲ ಕಾಗದ ಮನೆ ಬಿಟ್ಟು ಹೋಗಬಾರದು. ಬರೀ "ಎಲ್ಲ ಮಾಹಿತಿ ಕೊಡಿ" ಎಂದು ಕೇಳದೆ, ಯಾವ ಬಟಾಲಿಯನ್ನಿಗೆ ಯಾವ ತಾರೀಖಿನಲ್ಲಿ ಸೇರಿದರು, ಹೊರದೇಶದ ಸೇವೆ ಯಾವತ್ತಿನಿಂದ ಯಾವತ್ತಿನವರೆಗೆ, ಯಾವ ಪದಕ ಮಂಜೂರಾಗಿತ್ತು ಎಂದು ಮೂರು ಪ್ರಶ್ನೆ ಕೇಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ವಿಳಾಸ, ನಮೂನೆ ಸರಿಯಾಗಿರುತ್ತದೆ. ಯುದ್ಧಕ್ಕಾಗಿ ಸೇರಿ 1946ರಲ್ಲಿ ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಕಡತ ಉಳಿದಿರುವ ಸಾಧ್ಯತೆ ಕಡಿಮೆ, ಪಿಂಚಣಿದಾರರದ್ದು ಹೆಚ್ಚು.

ಯುದ್ಧದಲ್ಲೇ ತೀರಿಕೊಂಡವರಾದರೆ ದಾರಿ ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಆನ್‌ಲೈನ್ ಪಟ್ಟಿ ಉಚಿತ. ಹೆಸರಿನಿಂದ ಸಿಗದಿದ್ದರೆ ಹೆಚ್ಚುವರಿ ಮಾಹಿತಿಯ ಅಂಕಣದಲ್ಲಿ ಊರಿನ ಹೆಸರು ಹಾಕಿ ಹುಡುಕಿ. ಇಂಥವರ ಮಗ, ಇಂಥವಳ ಗಂಡ, ಇಂಥ ಊರು ಎಂದು ಅಲ್ಲಿ ಬರೆದಿರುತ್ತಾರೆ. ದಹನವಾದವರಿಗೆ ಸಮಾಧಿ ಇರುವುದಿಲ್ಲ, ಹೆಸರು ಸ್ಮಾರಕದ ಕಂಬದ ಮೇಲಿರುತ್ತದೆ. ಬರ್ಮಾದಲ್ಲಿ ಮಡಿದು ಸಮಾಧಿಯಿಲ್ಲದ ಸುಮಾರು 27 ಸಾವಿರ ಜನರ ಹೆಸರು ಯಾಂಗೋನ್ ಹತ್ತಿರದ ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿದೆ.

ಬಟಾಲಿಯನ್, ತಾರೀಖು ಎರಡೂ ಗಟ್ಟಿಯಾದ ಮೇಲೆ ವಾರ್ ಡೈರಿ. ಪ್ರತಿ ತುಕಡಿ ದಿನದಿನ ಬರೆದ ಈ ದಾಖಲೆಗಳಲ್ಲಿ ಆಗ್ನೇಯ ಏಷ್ಯಾದವು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂಓ 172 ಸಾಲಿನಲ್ಲಿವೆ, ಈಜಿಪ್ಟ್ ಕಡೆಯವು 169ರಲ್ಲಿ, ಇಟಲಿಯವು 170ರಲ್ಲಿ. ದಿಲ್ಲಿಯಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದಲ್ಲೂ ಭಾರತೀಯ ತುಕಡಿಗಳ ಡೈರಿಗಳಿವೆ. ಕ್ಯೂ ಪಟ್ಟಿಯಲ್ಲಿ "4/5 ಮರಾಠಾ", "4 ಮರಾಠಾ", "5 ಮರಾಠಾ 4 ಬಿಎನ್" ಮೂರನ್ನೂ ಇಸವಿ ಸಮೇತ ಹಾಕಿ ನೋಡಿ. ನಿಮಗೆ ಬೇಕಾದ ತಿಂಗಳುಗಳನ್ನಷ್ಟೇ ಹೇಳಿ ಪ್ರತಿ ಕೇಳಿದರೆ ಖರ್ಚು ಉಳಿಯುತ್ತದೆ. ಅಜ್ಜನ ಹೆಸರು ಅದರಲ್ಲಿರುತ್ತದೆ ಎಂದು ಕಾಯಬೇಡಿ. ಡೈರಿ ಅಧಿಕಾರಿಗಳ ಹೆಸರು ಬರೆಯುತ್ತದೆ, ಸಿಪಾಯಿಗಳದ್ದು "ಸತ್ತವರು 3, ಗಾಯಾಳು 11" ಎಂಬ ಲೆಕ್ಕದಲ್ಲೇ ಮುಗಿಯುತ್ತದೆ. ಕಂಪನಿಯ ಅಕ್ಷರ ಗೊತ್ತಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: "ಬಿ ಕಂಪನಿ ಬೆಳಗಿನ ಜಾವ ಗುಡ್ಡ ಹತ್ತಿತು" ಎಂಬ ಸಾಲಿನಲ್ಲಿ ನೂರು ಚಿಲ್ಲರೆ ಜನರಲ್ಲಿ ನಿಮ್ಮವರೂ ಒಬ್ಬರು. ಶೌರ್ಯ ಪದಕ ಬಂದಿದ್ದರೆ ಮಾತ್ರ ಡಬ್ಲ್ಯೂಓ 373ರಲ್ಲಿ ಶಿಫಾರಸಿನ ಪತ್ರ ಹೆಸರು ಸಮೇತ ಸಿಗುತ್ತದೆ.